ಹೋಮ್‌ಸ್ಟೇಗೆ ಬಂದವರಿಗೆ ಏನು ಮಾಡಿಸೋದು? ಆ ವಾರ ತೋಟದಲ್ಲಿ ನಡೆಯುವ ಕೆಲಸವನ್ನೇ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯವರು. ಒಂಬತ್ತು ಎಕರೆ ಕಾಫಿ ತೋಟ, ಎರಡು ಎಕರೆ ಗದ್ದೆ ಇದೆ. ಹೋದ ವರ್ಷ ಹಳೇ ಮನೆಯ ಮೂರು ಕೋಣೆ ಸರಿ ಮಾಡಿಸಿ ಹೋಮ್‌ಸ್ಟೇ ಶುರು ಮಾಡಿದೆವು. ಊಟ ಚೆನ್ನಾಗಿದೆ ಅಂತ ಬಂದವರೆಲ್ಲ ಹೇಳುತ್ತಾರೆ. ಆದರೆ ಫೋನ್ ಮಾಡಿದವರು ಮೊದಲು ಕೇಳೋದು "ಆಕ್ಟಿವಿಟಿ ಏನೇನಿದೆ?" ಅಂತ. ಸುತ್ತಮುತ್ತ ಜಿಪ್‌ಲೈನ್, ರೈನ್ ಡ್ಯಾನ್ಸ್, ಡಿಜೆ ಎಲ್ಲ ಬಂದಿದೆ. ಸಾಲ ತೆಗೆದು ಈಜುಕೊಳ ಮಾಡಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ನನಗೆ ಭಯ. ಮನೆಯಲ್ಲಿ 76 ವರ್ಷದ ಅತ್ತೆ ಇದ್ದಾರೆ, ಸೋಬಾನೆ ಪದ ಚೆನ್ನಾಗಿ ಹೇಳುತ್ತಾರೆ. ಅದನ್ನೇ ಒಂದು ಕಾರ್ಯಕ್ರಮ ಮಾಡಬಹುದಾ? ಮಳೆಗಾಲದಲ್ಲಿ ಬಂದವರಿಗೆ ಏನು ಮಾಡಿಸೋದು?

ಉತ್ತರ:

ಅಕ್ಕ, ಸಾಲದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಜುಕೊಳ ಬೇಡ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಉಳಿದ ಆರು ತಿಂಗಳಿಗೆ ಅಷ್ಟು ದುಡ್ಡು ಹಾಕಿ, ವರ್ಷವಿಡೀ ಅದರ ನೀರು, ಮೋಟಾರು, ಔಷಧಿ ನೋಡಿಕೊಳ್ಳಬೇಕು. ಅಷ್ಟು ಮಾಡಿದರೂ ಈಜುಕೊಳ ನೋಡಿ ಬಂದವರು ಮುಂದಿನ ವರ್ಷ ಇನ್ನೂ ದೊಡ್ಡ ಈಜುಕೊಳ ಇರುವ ಕಡೆ ಹೋಗುತ್ತಾರೆ. ಮೂರು ಕೋಣೆಯ ಮನೆ ಆ ಪೈಪೋಟಿಗೆ ಇಳಿಯಬಾರದು.

ಮೂಡಿಗೆರೆ ಸೀಮೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಮನೆಗೆ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದೇನೆ. ಈಚೆಗೆ ಹೊಸದಾಗಿ ಶುರು ಮಾಡುವವರ ಜೊತೆ ಕೂತು ಅವರ ಮನೆ, ತೋಟ ನೋಡಿ ಸಲಹೆ ಕೊಡುತ್ತೇನೆ. ಎಲ್ಲರಿಗೂ ಹೇಳುವ ಮಾತು ಒಂದೇ. ಆ ವಾರ ನಿಮ್ಮ ತೋಟದಲ್ಲಿ, ಗದ್ದೆಯಲ್ಲಿ, ಅಡುಗೆಮನೆಯಲ್ಲಿ ಯಾವ ಕೆಲಸ ನಡೆಯುತ್ತಿದೆಯೋ ಅದೇ ನಿಮ್ಮ ಆಕ್ಟಿವಿಟಿ. ಅದನ್ನು ದೂರದಿಂದ ತೋರಿಸಿದರೆ ಸಾಲದು, ಬಂದವರ ಕೈ ಅದರಲ್ಲಿ ಆಡಬೇಕು. ದಿನಕ್ಕೆ ಒಂದೇ ಸಾಕು, ಆದರೆ ಆ ಕೆಲಸ ಗೊತ್ತಿರುವವರು ಜೊತೆಗಿರಬೇಕು.

ಹಾಗಾಗಿ ಮುಂದಿನ ಸಲ ಫೋನ್ ಬಂದಾಗ "ಏನೂ ಇಲ್ಲ ಸಾರ್, ತೋಟ ನೋಡಬಹುದು ಅಷ್ಟೇ" ಅಂತ ಹೇಳಬೇಡಿ. ನಮ್ಮವರು ಎಲ್ಲರೂ ಮಾಡುವ ತಪ್ಪು ಇದು. "ಈಜುಕೊಳ ಇಲ್ಲ, ಡಿಜೆ ಇಲ್ಲ. ಈ ವಾರ ಅರೇಬಿಕಾ ಹಣ್ಣು ಬಿಡಿಸುತ್ತಿದ್ದೇವೆ, ಕಣದಲ್ಲಿ ಕಾಫಿ ಒಣಗುತ್ತಿದೆ. ನಿಮ್ಮ ಮಕ್ಕಳು ಹಣ್ಣು ಬಿಡಿಸಿ, ಹುರಿದು, ಪುಡಿ ಮಾಡಿ ಕಾಫಿ ಕಾಸಬಹುದು" ಅಂತ ಹೇಳಿ. ವಾರಕ್ಕೊಮ್ಮೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅದೇ ಕೆಲಸದ ಒಂದು ಫೋಟೋ ಹಾಕಿ. ಡಿಜೆ ಬೇಕಾದವರು ಅಲ್ಲೇ ಫೋನ್ ಇಡುತ್ತಾರೆ. ಇಡಲಿ ಬಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವೇ ಇದೆ. ಅದನ್ನು ಅತಿಥಿಗಳ ಜೊತೆ ನಡುರಾತ್ರಿ ವಾದಿಸುವ ಕಷ್ಟ ನಿಮಗೆ ಯಾಕೆ?

ಕಾಫಿಯನ್ನೇ ತೆಗೆದುಕೊಳ್ಳಿ. ನಮಗೆ ಅದು ದಿನದ ಕೆಲಸ. ಬೆಂಗಳೂರಿನಿಂದ ಬಂದವರಲ್ಲಿ ಎಷ್ಟೋ ಜನ ಕಾಫಿ ಹಣ್ಣು ಕೆಂಪಗಿರುತ್ತದೆ ಅನ್ನುವುದನ್ನೇ ನೋಡಿರುವುದಿಲ್ಲ. ನಾನು ಮಾಡಿಸುವುದು ಹೀಗೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಬ್ಬೊಬ್ಬರಿಗೆ ಒಂದು ಸಣ್ಣ ಬುಟ್ಟಿ. ಪೂರ್ತಿ ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು, ಹಸಿರು ಕಾಯಿ ಬಿಡಬೇಕು, ತೊಟ್ಟು ಕಿತ್ತು ಬರಬಾರದು. ತೊಟ್ಟು ಹೋದರೆ ಮುಂದಿನ ವರ್ಷದ ಹೂವಿಗೆ ಜಾಗ ಹೋಯಿತು ಅಂತ ಹೇಳಿಕೊಡುತ್ತೇನೆ. ಒಂದು ಹಣ್ಣನ್ನು ಹಿಚುಕಿ ಅಂಗೈ ಮೇಲೆ ಇಡುತ್ತೇನೆ. ಲೋಳೆ ಲೋಳೆಯಾಗಿ ಎರಡು ಬೀಜ ಜಾರಿ ಬೀಳುತ್ತವೆ. ನೆಕ್ಕಿ ನೋಡಿ ಅನ್ನುತ್ತೇನೆ. ಸಿಹಿ! ಆ ಸಿಹಿ ಯಾರೂ ಊಹಿಸಿರುವುದಿಲ್ಲ. ಅಪರೂಪಕ್ಕೆ ಎರಡರ ಬದಲು ಒಂದೇ ಗುಂಡು ಬೀಜ ಸಿಗುತ್ತದೆ, ಪೀಬೆರಿ. ಅದು ಸಿಕ್ಕಿದ ಮಗು ದಿನವಿಡೀ ಅದನ್ನು ಜೇಬಲ್ಲಿಟ್ಟುಕೊಂಡು ತಿರುಗುತ್ತದೆ.

ಅವರು ಬಿಡಿಸಿದ ಹಣ್ಣು ಆವತ್ತೇ ಕುಡಿಯಲು ಬರುವುದಿಲ್ಲ, ಅಲ್ವಾ? ಅದಕ್ಕೆ ಹೋದ ವರ್ಷದ ಒಣಗಿದ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಒಂದು ಮೂಟೆ ಎತ್ತಿಟ್ಟಿರುತ್ತೇನೆ. ಒರಳಿಗೆ ಹಾಕಿ ಒನಕೆ ಕೊಡುತ್ತೇನೆ. ಕುಟ್ಟಿ, ಮೊರದಲ್ಲಿ ಕೇರಿ, ಸಿಪ್ಪೆ ಹಾರಿಸಿ ಬೀಜ ಬೇರೆ ಮಾಡಬೇಕು. ಮೊರ ಹಿಡಿಯುವುದು ಬರದೆ ಅರ್ಧ ಬೀಜ ಅಂಗಳಕ್ಕೆ ಚೆಲ್ಲುತ್ತದೆ. ಪಕ್ಕದಲ್ಲಿ ನಮ್ಮ ಮನೆ ಕೆಲಸದ ಅಜ್ಜಿ ಸುಮ್ನೆ ನಾಲ್ಕು ಸಲ ಮೊರ ಕೊಡವಿ ಇಷ್ಟೇ ಅಂತ ತೋರಿಸಿದಾಗ ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. ಆಮೇಲೆ ಕಬ್ಬಿಣದ ಬಾಣಲೆ, ಸೌದೆ ಒಲೆ. ಕೈ ಬಿಡದೆ ಕಲಕುತ್ತಲೇ ಇರಬೇಕು. ಮೊದಲು ಹುಲ್ಲಿನ ವಾಸನೆ ಬರುತ್ತದೆ, ಆಮೇಲೆ ಬ್ರೆಡ್ ಸುಟ್ಟ ವಾಸನೆ. ಹತ್ತು ಹನ್ನೆರಡು ನಿಮಿಷಕ್ಕೆ ಚಟ್ ಚಟ್ ಅಂತ ಬೀಜ ಸಿಡಿಯುವ ಸದ್ದು. ಆ ಸದ್ದು ಬಂದಾಗ ಮಾತು ನಿಲ್ಲುತ್ತದೆ. ಒಂದು ಕಿಲೋ ಹುರಿದ ಬೀಜ ಬೇಕಾದರೆ ಸುಮಾರು ಆರೇಳು ಕಿಲೋ ಹಣ್ಣು ಬೇಕು ಅಂತ ಆವಾಗ ಹೇಳಿ. ಬೆಳಿಗ್ಗೆ ಒಂದು ಬುಟ್ಟಿ ತುಂಬಿಸಲು ಬೆನ್ನು ನೋಯಿಸಿಕೊಂಡವರಿಗೆ ಆ ಲೆಕ್ಕ ತಟ್ಟನೆ ಅರ್ಥವಾಗುತ್ತದೆ. ಕೊನೆಗೆ ಬೆಲ್ಲ ಹಾಕಿದ ಒಂದು ಲೋಟ ಕಾಫಿ. ಇದಕ್ಕೆಲ್ಲ ಅರ್ಧ ದಿನ ಬೇಕು. ಖರ್ಚು ಏನೂ ಇಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಕಥೆಯನ್ನು ಹುರಿಯುವಾಗ ಹೇಳಿದರೆ ಕೇಳುತ್ತಾರೆ, ಮೊದಲೇ ಹೇಳಿದರೆ ಪಾಠ ಆಗುತ್ತದೆ.

ಹೀಗೆ ವರ್ಷದ ಕೆಲಸವನ್ನೆಲ್ಲ ಒಂದು ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಿ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ, ನೀವು ಮರೆತದ್ದು ಅವರಿಗೆ ನೆನಪಿರುತ್ತದೆ. ನವೆಂಬರ್‌ನಿಂದ ಅರೇಬಿಕಾ, ಜೊತೆಗೆ ಗದ್ದೆ ಕೊಯ್ಲು, ಹುಲ್ಲಿನ ಬಣವೆ. ಜನವರಿ ಹೊತ್ತಿಗೆ ಇನ್ನೊಂದು ಜಾತಿಯ ಕಾಫಿ, ರೋಬಸ್ಟಾ. ಆಮೇಲೆ ಏಣಿ ಇಟ್ಟು ಮೆಣಸು ಕುಯ್ಯುವುದು (ಅತಿಥಿಗಳನ್ನು ಏಣಿ ಹತ್ತಿಸಬೇಡಿ, ಕೆಳಗೆ ಕೂತು ತೆನೆಯಿಂದ ಕಾಳು ಬಿಡಿಸಲಿ). ಏಪ್ರಿಲ್‌ನಲ್ಲಿ ಮಾವಿನ ಮಿಡಿ, ಮೇ ತಿಂಗಳಲ್ಲಿ ಹಲಸು.

ಇದರ ಮಧ್ಯೆ ಬರುತ್ತದೆ ಕಾಫಿ ಹೂವು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಮೂರು ನಾಲ್ಕು ದಿನ ಅಷ್ಟೇ, ಮುಗಿಯಿತು. ಇದನ್ನು ಮುಂಗಡ ಬುಕ್ಕಿಂಗ್‌ನಲ್ಲಿ ಮಾರಲು ಆಗುವುದಿಲ್ಲ. ಆದರೆ ಮಳೆ ಬಿದ್ದ ದಿನವೇ ಹಳೇ ಅತಿಥಿಗಳಿಗೆ "ಇವತ್ತು ಹೂಮಳೆ ಆಯಿತು, ಮುಂದಿನ ವಾರ ಹೂವು" ಅಂತ ಒಂದು ಮೆಸೇಜ್ ಹಾಕಿ ನೋಡಿ. ನಮ್ಮ ಮನೆಗೆ ಆ ಮೂರು ದಿನಕ್ಕೆಂದೇ ಪ್ರತಿ ವರ್ಷ ಬರುವ ಒಂದು ಕುಟುಂಬವಿದೆ. ಹೂವಿನ ದಿನ ಗಿಡ ಅಲ್ಲಾಡಿಸದೆ, ಕಾಲುದಾರಿಯಲ್ಲೇ ನಡೆಸಿ. ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಗಾಳಿ, ಜೇನುಹುಳ ಬೇಕು. ರೋಬಸ್ಟಾ ಸಾಲಿನ ಪಕ್ಕ ನಿಂತು ಕಣ್ಣು ಮುಚ್ಚಿದರೆ ಜೇನಿನ ಗುಂಯ್ ಸದ್ದು ಕೇಳುತ್ತದೆ. ಅದನ್ನು ಕೇಳಿಸಿ.

ಮೇ ಕೊನೆಗೆ ಮೊದಲ ಮಳೆ ಬಿದ್ದ ಮೇಲೆ ಕತ್ತಲಲ್ಲಿ ಮಿಂಚುಹುಳ. ಒಂದೊಂದು ಮರ ಪೂರ್ತಿ ಒಟ್ಟಿಗೆ ಮಿನುಗಿ ಆರುತ್ತದೆ. ಅಂಗಳದ ಲೈಟು, ಟಾರ್ಚು, ಮೊಬೈಲು ಎಲ್ಲ ಆರಿಸಿ ಜಗಲಿಯಲ್ಲೇ ಕೂರಿಸಿ. ಬೆಳಕಿದ್ದರೆ ಹುಳಕ್ಕೂ ತೊಂದರೆ, ನೋಡುವವರಿಗೂ ಕಾಣುವುದಿಲ್ಲ.

ಈಗ ಮಳೆಗಾಲ. ನೀವು ಇದನ್ನು ಕಷ್ಟದ ಕಾಲ ಅಂದುಕೊಂಡಿದ್ದೀರಿ. ನನ್ನನ್ನು ಕೇಳಿದರೆ ಮಲೆನಾಡಿನ ಮನೆಗೆ ಅತಿಥಿ ಬರಬೇಕಾದ್ದೇ ಆಗ. ಆದರೆ ಅವರನ್ನು ಜಲಪಾತದ ಕಡೆ ಕಳಿಸಬೇಡಿ. ಪಾಚಿ ಕಟ್ಟಿದ ಬಂಡೆ ಮೇಲೆ ಫೋಟೋಗೆ ನಿಂತು ಜಾರಿದವರ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಘಾಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಕುಣಿಯುವುದೂ ಅಷ್ಟೇ ಅಪಾಯ. ಮನೆಯಲ್ಲೇ ಬೇಕಾದಷ್ಟಿದೆ.

ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಎರಡು ಎಕರೆಯಲ್ಲಿ ನಾಟಿ ನಡೆಯುತ್ತದೆ. ಒಂದು ಮೂಲೆಯನ್ನು ಅತಿಥಿಗಳಿಗೇ ಬಿಟ್ಟುಬಿಡಿ. ಸಾಲು ಸೊಟ್ಟಗಾಗುತ್ತದೆ, ಆಗಲಿ. ಸಸಿ ಮಡಿಯಿಂದ ಕೀಳುವುದು, ಬೇರಿನ ಮಣ್ಣು ನೀರಿನಲ್ಲಿ ಜಾಲಿಸಿ ತೊಳೆಯುವುದು, ಕಟ್ಟು ಕಟ್ಟುವುದು, ಎರಡು ಮೂರು ಸಸಿ ಸೇರಿಸಿ ಬೆರಳಿನಿಂದ ಊರುವುದು. ಇದು ಕೈಯಿಂದ ಕೈಗೆ ಬರುವ ವಿದ್ಯೆ, ಹೇಳಿದರೆ ಬರುವುದಿಲ್ಲ. ಹೋದ ವರ್ಷ ಒಂಬತ್ತು ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಕೆಸರಿಗೆ ಕಾಲಿಡಲು ಅತ್ತಳು. ನಮ್ಮ ಗದ್ದೆಯ ಹೆಂಗಸರು ಅವಳನ್ನು ಒತ್ತಾಯ ಮಾಡಲಿಲ್ಲ, ಬದುವಿನ ಮೇಲೆ ಕೂರಿಸಿ ಸಸಿಯ ಕಟ್ಟು ಎಸೆಯುವ ಕೆಲಸ ಕೊಟ್ಟರು. ಅರ್ಧ ಗಂಟೆ ಎಸೆದಳು. ಆಮೇಲೆ ತಾನೇ ಇಳಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲೊಲ್ಲಳು. ನವೆಂಬರ್‌ನಲ್ಲಿ ಅವಳು ನೆಟ್ಟ ಮೂಲೆಯ ತೆನೆಯ ಫೋಟೋ ಕಳಿಸಿದೆ. ಕೊಯ್ಲಿಗೆ ಅಪ್ಪ ಅಮ್ಮನನ್ನು ಎಳೆದುಕೊಂಡು ಮತ್ತೆ ಬಂದಳು. ಈ ಫೋಟೋ ಕಳಿಸುವ ಅಭ್ಯಾಸ ನೀವೂ ಇಟ್ಟುಕೊಳ್ಳಿ.

ಗದ್ದೆಗೆ ಇಳಿಯುವಾಗ ಹಳೇ ಗೊರಬು (ಮಳೆಗೆ ತಲೆ, ಬೆನ್ನು ಮುಚ್ಚುವ ಕೊಪ್ಪೆ) ಇದ್ದರೆ ಅಟ್ಟದಿಂದ ಇಳಿಸಿ. ಇಲ್ಲವೆಂದರೆ ಕಂಬಳಿ ಕೊಪ್ಪೆ. ಅದನ್ನು ಹಾಕಿಕೊಂಡು ಮಳೆಯಲ್ಲಿ ನಿಂತಾಗ ಬೆನ್ನು ಹೇಗೆ ಬೆಚ್ಚಗಿರುತ್ತದೆ ಅಂತ ರೈನ್‌ಕೋಟ್ ಹಾಕಿದವರಿಗೆ ಗೊತ್ತಿಲ್ಲ. ಇಂಬಳದ (ಜಿಗಣೆ) ಬಗ್ಗೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಸಾಕ್ಸ್ ಮೇಲೆ ಹೊಗೆಸೊಪ್ಪಿನ ಪುಡಿ ಹಚ್ಚಿ, ಒಂದು ಡಬ್ಬಿಯಲ್ಲಿ ಉಪ್ಪು ಜೊತೆಗಿರಲಿ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ ಅಂತ ತಿಳಿಸಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಯಾರಾದರೂ ಇದ್ದಾರಾ ಅಂತ ಕೇಳಿಕೊಳ್ಳಿ. ಇದ್ದರೆ ಅವರು ಜಗಲಿಯಲ್ಲೇ ಇರಲಿ.

ನಿಮ್ಮ ತೋಟದಲ್ಲಿ ಮಳೆ ಅಳೆಯುವ ಮಾಪಕ ಇದ್ದೇ ಇರುತ್ತದೆ. ಬೆಳಿಗ್ಗೆ ಅದನ್ನು ಓದುವ ಕೆಲಸ ಮಕ್ಕಳಿಗೆ ಕೊಡಿ. ನೀರು ಅಳತೆ ಗ್ಲಾಸಿಗೆ ಸುರಿದು, ಇಂಚು ಎಷ್ಟು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಎಷ್ಟು ನೋಡಿ, ನಿಮ್ಮ ಮನೆಯ ಮಳೆ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಲಿ, ಕೆಳಗೆ ಹೆಸರೂ ಬರೆಯಲಿ. ಹಳೇ ವರ್ಷದ ಪುಟ ತಿರುಗಿಸಿ ಮಾವನವರ ಕೈಬರಹ ತೋರಿಸಿ. ತಾವು ಹುಟ್ಟಿದ ದಿನ ಇಲ್ಲಿ ಎಷ್ಟು ಮಳೆ ಬಿದ್ದಿತ್ತು ಅಂತ ಮಕ್ಕಳು ಹುಡುಕಿಯೇ ಹುಡುಕುತ್ತಾರೆ. ಎಷ್ಟೋ ಮನೆಗಳಲ್ಲಿ ಈ ಪುಸ್ತಕಗಳು ಗೆದ್ದಲು ಹಿಡಿಯುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಂಜೆಗೆ ಬಚ್ಚಲ ಒಲೆ. ನಗಬೇಡಿ, ಹಂಡೆಯ ಬಿಸಿನೀರು, ಉರಿಯ ಮುಂದೆ ಕೂತು ಗೇರುಬೀಜವನ್ನೋ ಹಲಸಿನ ಬೀಜವನ್ನೋ ಸುಟ್ಟು ತಿನ್ನುವುದು, ಇದನ್ನೇ ನಮ್ಮ ಅತಿಥಿಗಳು ಜಾಸ್ತಿ ನೆನೆಸಿಕೊಳ್ಳುವುದು. ಗೀಸರ್ ಇರಲಿ, ಹಂಡೆಯನ್ನು ಮಾತ್ರ ಕೀಳಿಸಬೇಡಿ. ಅಡುಗೆಯಲ್ಲಿ ಪತ್ರೊಡೆ, ಕಳಲೆ (ಎಳೆ ಬಿದಿರು), ಕಡುಬು, ಅಕ್ಕಿ ರೊಟ್ಟಿ. ರೊಟ್ಟಿ ತಟ್ಟಲು ಅವರನ್ನೇ ಕೂರಿಸಿ. ಎರಡು ಎಚ್ಚರಿಕೆ ಇವೆ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ಮೇಲೆಯೇ ಬಡಿಸಬೇಕು, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಇನ್ನು ಅಣಬೆಯನ್ನು ಅತಿಥಿಗಳ ಕೈಲಿ ಕೀಳಿಸಲೇಬೇಡಿ. ಅತ್ತೆಯವರು ನೋಡಿ ಹೂಂ ಅಂದದ್ದು ಮಾತ್ರ ಒಲೆಗೆ.

ಸೋಬಾನೆ ಪದದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಸ್ವಲ್ಪ ಉದ್ದ ಹೇಳಬೇಕಿದೆ, ಯಾಕೆಂದರೆ ಈ ವಿಷಯದಲ್ಲಿ ನಾನು ತಪ್ಪು ಮಾಡಿದ್ದೇನೆ.

ಶುರುವಿನ ಮೂರನೇ ವರ್ಷ ಇರಬೇಕು. ಒಂದು ಕಂಪನಿಯಿಂದ ಇಪ್ಪತ್ತು ಜನ ಬರುವವರಿದ್ದರು. ಏನಾದರೂ ಸಾಂಸ್ಕೃತಿಕ ಕಾರ್ಯಕ್ರಮ ಬೇಕು ಅಂದರು. ನಾನು ನಮ್ಮ ಊರಿನ ಸುಗ್ಗಿ ಕುಣಿತದವರನ್ನು ಕೇಳಿದೆ. ಡಿಸೆಂಬರ್ ತಿಂಗಳು. ಸುಗ್ಗಿ ನಡೆಯುವುದು ಮಾರ್ಚ್, ಏಪ್ರಿಲ್‌ನಲ್ಲಿ, ದೇವರ ಮುಂದೆ, ಸುಗ್ಗಿ ಕಟ್ಟೆಯಲ್ಲಿ. ಹಿರಿಯರು ಇಷ್ಟವಿಲ್ಲದಿದ್ದರೂ ನನ್ನ ಮುಖ ನೋಡಿ ಒಪ್ಪಿದರು. ಬಿಳಿ ಬಟ್ಟೆ ಉಟ್ಟು, ಪೇಟ ಕಟ್ಟಿ ಬಂದರು. ನಮ್ಮ ಹುಲ್ಲುಹಾಸಿನ ಮೇಲೆ ಕುಣಿತ ಶುರುವಾಯಿತು. ಅತಿಥಿಗಳು ಕೈಯಲ್ಲಿ ಗ್ಲಾಸ್ ಹಿಡಿದು, ಚಪ್ಪಲಿ ಕಾಲಲ್ಲೇ ಮಧ್ಯೆ ನುಗ್ಗಿ ಸೆಲ್ಫಿ ತೆಗೆದುಕೊಂಡರು. ಹಿರಿಯರು ಅರ್ಧಕ್ಕೆ ನಿಲ್ಲಿಸಿದರು. ಒಂದು ಮಾತೂ ಆಡದೆ ಪೇಟ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಟರು. ದುಡ್ಡೂ ಮುಟ್ಟಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. "ನಿಂದೇನೂ ಇಲ್ಲ ಕಣವ್ವ, ನಾವೇ ಬರಬಾರದಿತ್ತು" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟು ಮಾಡಿಕೊಂಡೆವು. ದೇವರಿಗೆ, ಹಬ್ಬಕ್ಕೆ, ಮದುವೆಗೆ ಸೇರಿದ್ದನ್ನು ಆರ್ಡರ್ ಮಾಡಿ ಕರೆಸುವುದಿಲ್ಲ. ಹಬ್ಬ ನಡೆಯುವಾಗ ಅತಿಥಿಗಳೇ ಅಲ್ಲಿಗೆ ಹೋಗಬೇಕು, ಊರವರ ಹಾಗೆ ನಿಂತು ನೋಡಬೇಕು. ಸುಗ್ಗಿ ಬಂದಾಗ ಊರ ಹಿರಿಯರನ್ನು ಮೊದಲೇ ಕೇಳಿ ನಾಲ್ಕೈದು ಜನರನ್ನು ಕರೆದುಕೊಂಡು ಹೋಗುತ್ತೇನೆ. ಚಪ್ಪಲಿ ದೂರ ಬಿಡಬೇಕು, ಕುಡಿದಿರಬಾರದು, ಕೇಳದೆ ಫೋಟೋ ತೆಗೆಯಬಾರದು. ಕೆಲವು ಊರುಗಳಲ್ಲಿ ಸಾರು ಹಾಕಿದ ಮೇಲೆ (ಅಂದರೆ ಹಬ್ಬ ಬಂತು ಅಂತ ಊರಿಗೆ ಸಾರಿದ ಮೇಲೆ) ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಆ ದಿನಗಳಲ್ಲಿ ಅತಿಥಿಗಳ ಊಟವೂ ಹಾಗೇ. ಯಾಕೆ ಅಂತ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಇನ್ನೂ ಖುಷಿಯಿಂದ ತಿನ್ನುತ್ತಾರೆ.

ದೀಪಾವಳಿ ಸಮಯದಲ್ಲಿ ಕೊಪ್ಪ, ಶೃಂಗೇರಿ ಕಡೆ ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಹತ್ತಿರದ ದೇವೀರಮ್ಮನ ಬೆಟ್ಟ ಹತ್ತುವುದೂ ನರಕ ಚತುರ್ದಶಿಗೆ. ಹಾಸನದ ಹಾಸನಾಂಬೆಯ ಬಾಗಿಲು ತೆಗೆಯುವುದೂ ವರ್ಷಕ್ಕೊಮ್ಮೆ ಆ ದಿನಗಳಲ್ಲೇ. ಕೊನೆಯ ಎರಡು ಕಡೆ ಜನ ಕಿಕ್ಕಿರಿದಿರುತ್ತಾರೆ. ವಯಸ್ಸಾದವರು, ಸಣ್ಣ ಮಕ್ಕಳಿದ್ದರೆ ನಾನು ಬೇಡ ಅನ್ನುತ್ತೇನೆ.

ನಿಮ್ಮ ಅತ್ತೆಯವರ ಪದ ಹಾಗಾದರೆ ಬೇಡವಾ? ಬೇಕು. ಆದರೆ ಕುರ್ಚಿ ಹಾಕಿ, ಮೈಕ್ ಕೊಟ್ಟು, ಎಂಟು ಗಂಟೆಗೆ ಕಾರ್ಯಕ್ರಮ ಅಂತ ಬೇಡ. ಅವರು ಸಂಜೆ ಸೊಪ್ಪು ಬಿಡಿಸುವಾಗಲೋ, ಹೂ ಕಟ್ಟುವಾಗಲೋ ಅತಿಥಿ ಹೆಂಗಸರನ್ನು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ. ಅವರಿಗೂ ಒಂದು ಹಿಡಿ ಸೊಪ್ಪು ಕೊಡಿ. ಮಾತು ಮಾತಲ್ಲಿ ಮದುವೆ ವಿಷಯ ಬರುತ್ತದೆ, ಪದ ತಾನಾಗಿ ಬರುತ್ತದೆ. ಬಾರದ ದಿನ ಬೇಡ. ಅರಿಶಿನ ಹಚ್ಚುವಾಗಿನ ಪದ ಯಾವುದು, ಹೆಣ್ಣು ಒಪ್ಪಿಸುವಾಗಿನದು ಯಾವುದು ಅಂತ ಅವರೇ ಹೇಳಲಿ. ಬಂದವರು ಸೊಲ್ಲು (ಜೊತೆಗೂಡಿ ಹೇಳುವ ಸಾಲು) ಹೇಳಲು ಕಲಿತರೆ ಅತ್ತೆಯವರ ಮುಖ ಅರಳುವುದನ್ನು ನೋಡುತ್ತೀರಿ. ಮೊದಲು ನೀವೇ ಒಂದು ಕೆಲಸ ಮಾಡಿ. ಅವರಿಗೆ ಎಷ್ಟು ಪದ ಬರುತ್ತದೋ ಅಷ್ಟನ್ನೂ ಫೋನ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಇದು ಅತಿಥಿಗಳಿಗಲ್ಲ, ನಿಮ್ಮ ಮನೆಗೆ. ನಮ್ಮ ಅಮ್ಮನದು ನಾನು ಮಾಡಿಟ್ಟುಕೊಳ್ಳಲಿಲ್ಲ.

ಮನೆಯಿಂದ ಹೊರಗೆ ಹೋಗುವವರಿಗೆ ಏನು ಹೇಳುವುದು? ಬೇಲೂರು, ಹಳೇಬೀಡು ಎಲ್ಲರೂ ಕೇಳುತ್ತಾರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಜಾಸ್ತಿ. ಕಳಿಸಿ, ಆದರೆ ಸುಮ್ನೆ ಒಂದು ಸುತ್ತು ಹೊಡೆದು ಬರುವುದಕ್ಕಲ್ಲ. ಹುಡುಕಲು ಏನಾದರೂ ಕೊಟ್ಟು ಕಳಿಸಿ. ಬೇಲೂರಿನಲ್ಲಿ ಶಿಲ್ಪದ ಕೆಳಗೆ ಕೆತ್ತಿದವರ ಹೆಸರು ಹಳಗನ್ನಡ ಅಕ್ಷರದಲ್ಲಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರು. 1117ರಲ್ಲಿ ಕಟ್ಟಿದ ಗುಡಿಯ ಮೇಲೆ ಶಿಲ್ಪಿಯ ಸಹಿ! ಹಳೇಬೀಡಿನಲ್ಲಿ ಗೋಡೆಯ ಕೆಳಗಿನ ಸಾಲಿನ ಆನೆಗಳಲ್ಲಿ ಒಂದೇ ಥರದ ಎರಡು ಆನೆ ಸಿಗುತ್ತವಾ ಅಂತ ಮಕ್ಕಳು ಹುಡುಕಲಿ. ಮಧ್ಯಾಹ್ನ ಕಲ್ಲು ಕಾದು ಕಾಲು ಸುಡುತ್ತದೆ, ಸಾಕ್ಸ್ ತೆಗೆದುಕೊಂಡು ಹೋಗಲಿ, ಇಲ್ಲವೇ ಸಂಜೆ ಹೋಗಲಿ.

ನನಗೆ ಇನ್ನೂ ಇಷ್ಟವಾದದ್ದು ಸಣ್ಣ ಜಾಗಗಳು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕೆರೆಯ ಪಕ್ಕದಲ್ಲಿದೆ, ನಾಲ್ಕು ಗರ್ಭಗುಡಿ, ಬೇಲೂರಿಗಿಂತ ಸ್ವಲ್ಪ ಹಳೆಯದು. ಬೆಳಿಗ್ಗೆ ಹೋದರೆ ನೀವೊಬ್ಬರೇ. ಹಲ್ಮಿಡಿ ಬೇಲೂರು ತಾಲ್ಲೂಕಿನಲ್ಲೇ ಇದೆ. ಸುಮಾರು ಕ್ರಿ.ಶ. 450ರ ಶಾಸನ ಸಿಕ್ಕಿದ ಊರು, ಕನ್ನಡದ ಅತಿ ಹಳೆಯ ಶಾಸನ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದು ಅದನ್ನೇ. ಮೂಲ ಕಲ್ಲು ಅಲ್ಲಿಲ್ಲ, ಪ್ರತಿಕೃತಿ ಇದೆ. ಆದರೂ ಕನ್ನಡ ಓದಲು ಬರುವ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಎಷ್ಟು ಅಕ್ಷರ ಗುರುತು ಸಿಗುತ್ತದೆ ನೋಡು ಅಂದರೆ ಆಟವೇ ಆಗುತ್ತದೆ. ಹೊಯ್ಸಳರ ಮೂಲ ಊರು ಅನ್ನುವ ಅಂಗಡಿ ನಮ್ಮ ಮೂಡಿಗೆರೆ ತಾಲ್ಲೂಕಿನದು, ಹಳೆಯ ಸೊಸೆವೂರು. ಸಳ ಹುಲಿ ಕೊಂದ ಕಥೆ ಅಲ್ಲಿಯ ವಸಂತಮ್ಮನ ಗುಡಿಯ ಹತ್ತಿರ ಹೇಳಿದರೆ ಬೇರೆಯೇ ರುಚಿ. ಸಕಲೇಶಪುರದ ಹತ್ತಿರವೇ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ, ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಜಿರುವ ದಿನವೇ ಚೆಂದ.

ರೈಲು ಹಳಿ ಮೇಲೆ ಟ್ರೆಕ್ಕಿಂಗ್ ಅಂತ ಯಾರಾದರೂ ಕೇಳಿದರೆ ಖಂಡಿತ ಇಲ್ಲ ಅನ್ನಿ. ಹಳಿ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವಿಲ್ಲ. ಬದಲಿಗೆ ಹಗಲು ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಟಿಕೆಟ್ ತೆಗೆಸಿ. ಸುಮಾರು 55 ಕಿ.ಮೀ., 57 ಸುರಂಗ. ಸುರಂಗ ಎಣಿಸುತ್ತಾ ಹೋಗಲಿ.

ಬೆಟ್ಟ ಹತ್ತುವವರಿಗೆ ಒಂದು ಮಾತು. ಅರಣ್ಯ ಇಲಾಖೆಯ ಚಾರಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು, ಹೊರಡುವ ಮುಂಚೆ ಆ ದಿನ ತೆರೆದಿದೆಯಾ ಅಂತ ನೋಡಿಕೊಳ್ಳಬೇಕು. ಗಿರಿಯ ಹುಲ್ಲುಗಾವಲ ಮೇಲೆ ಜೀಪು ಹತ್ತಿಸುವವರ ಜೊತೆ ನಿಮ್ಮ ಅತಿಥಿಗಳನ್ನು ಕಳಿಸಬೇಡಿ. ಒಂದು ಸಲ ಚಕ್ರ ಉರುಳಿದ ಕಡೆ ಮಳೆಗೆ ಮಣ್ಣು ಕೊಚ್ಚಿ, ವರ್ಷ ವರ್ಷ ಆ ಗಾಯ ದೊಡ್ಡದಾಗುತ್ತದೆ.

ಆನೆ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಅತಿಥಿಗಳಿಗೆ ನೀವು ಹೇಳಲೇಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲ ಕಡೆ ಆನೆ ತೋಟದಲ್ಲೇ ಇವೆ. ಬೆಳಿಗ್ಗೆ ಪೂರ್ತಿ ಬೆಳಕಾಗುವ ಮುಂಚೆ, ಸಂಜೆ ಮಬ್ಬಾದ ಮೇಲೆ ಯಾರೂ ಗೇಟು ದಾಟುವ ಹಾಗಿಲ್ಲ. ಬೆಳಿಗ್ಗೆ ಅರಣ್ಯ ಇಲಾಖೆಯವರ ಮೆಸೇಜ್ ನೋಡಿ, ಕೆಲಸದವರನ್ನು ವಿಚಾರಿಸಿ, ಆಮೇಲೆಯೇ ತೋಟದ ನಡಿಗೆ. ಅದೂ ಮುಂದೆ ನಿಮ್ಮವರೊಬ್ಬರು ಇರಬೇಕು. ಆನೆ ಹತ್ತಿರದಲ್ಲಿದೆ ಅಂತ ಗೊತ್ತಾದ ದಿನ ನಡಿಗೆ ರದ್ದು. ಜಗಲಿಯಲ್ಲಿ ಕೂತೇ ಹಕ್ಕಿ ನೋಡಬಹುದು. ಹಣ್ಣಿನ ಮರಕ್ಕೆ ಮಂಗಟ್ಟೆ ಬರುತ್ತದೆ, ಕುಟ್ರುಹಕ್ಕಿ ಕೂಗುತ್ತಲೇ ಇರುತ್ತದೆ, ಕಾಜಾಣ ಹತ್ತು ಹಕ್ಕಿಗಳ ಸ್ವರ ಅನುಕರಿಸುತ್ತದೆ.

ಇನ್ನು ದುಡ್ಡಿನ ಮಾತು. ಮೊರ ಹಿಡಿಯುವುದು ಕಲಿಸುವ ಅಜ್ಜಿಗೆ, ನಾಟಿ ತೋರಿಸುವ ಹೆಂಗಸರಿಗೆ, ನಡಿಗೆಗೆ ಬರುವ ಹುಡುಗನಿಗೆ ಕೂಲಿಯ ಮೇಲೆ ಬೇರೆ ದುಡ್ಡು ಕೊಡಿ. ಅತಿಥಿಯ ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆದು, ಅವರ ಕೈಗೇ ಹೋಗುತ್ತದೆ ಅಂತ ತಿಳಿಸಿ. ಅವರಿಗೆ ಕಲಿಸಲು ಮನಸ್ಸಿಲ್ಲದ ದಿನ ಬಲವಂತ ಬೇಡ. ತೋಟದ ಕೆಲಸದವರು ಇರುವ ಲೈನ್ ಮನೆಗಳ ಕಡೆ ಅತಿಥಿಗಳನ್ನು ಕರೆದುಕೊಂಡು ಹೋಗಬೇಡಿ. ಅದು ಅವರ ಮನೆ. ಅಲ್ಲಿಯ ಮಕ್ಕಳ ಫೋಟೋ ತೆಗೆಯಲು ಬಿಡಬೇಡಿ.

ಮಗನಿಗೆ ಬೇಸರವಾಗದ ಹಾಗೆ ಹೇಳಿ. ಅವನ ಉತ್ಸಾಹ ಒಳ್ಳೆಯದೇ. ಸಾಲ ಬೇಡ, ಕೈಯಲ್ಲಿರುವ ದುಡ್ಡಲ್ಲೇ ಮಾಡುವ ಕೆಲಸ ಕೊಡಿ. ಜಗಲಿಯನ್ನು ಇನ್ನೊಂದು ಹತ್ತು ಅಡಿ ಮುಂದಕ್ಕೆ ಹೆಂಚು ಹಾಕಿಸಲಿ, ಮಳೆಯಲ್ಲಿ ಎಲ್ಲರೂ ಕೂರಲು ಆಗುತ್ತದೆ. ಒದ್ದೆ ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಪಕ್ಕ ಒಂದು ಕೋಣೆ ಮಾಡಲಿ. ವಾರದ ಸ್ಟೇಟಸ್ ಹಾಕುವುದು, ಕ್ಯಾಲೆಂಡರ್ ನೋಡಿಕೊಳ್ಳುವುದು ಅವನ ಜವಾಬ್ದಾರಿ. ಒಂದು ಜೊತೆ ಒಳ್ಳೆಯ ಬೈನಾಕ್ಯುಲರ್ ತರಲಿ. ಹತ್ತು ಹದಿನೈದು ಜೊತೆ ಗಮ್‌ಬೂಟ್ ಕೂಡ, ಮಕ್ಕಳ ಅಳತೆಯವೂ ಇರಲಿ. ದೊಡ್ಡವರ ಬೂಟು ಎಲ್ಲರೂ ಇಟ್ಟಿರುತ್ತಾರೆ, ಮಕ್ಕಳದು ಯಾರ ಹತ್ತಿರವೂ ಇರುವುದಿಲ್ಲ.